ವ್ಯಾಪಾರಿ ಕೇಳಿದ ವರ

ಮಳೆ ಹಿಡಿಯಿತೆಂದರೆ ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಖರ್ಚಾಗುವುದು ಕೊಡೆ. ಪೊಳಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿ. ಒಂದು ಬದಿಯಲ್ಲಿ ದಿನಸಿ, ಇನ್ನೊಂದು ಬದಿಯಲ್ಲಿ ಸೋಪು, ಪೌಡರು, ಬ್ಲೇಡು, ಬಳೆ, ನೋಟುಪುಸ್ತಕ. ಮೇ ತಿಂಗಳ ಕೊನೆಗೆ ಕೊಡೆಯ ಕಟ್ಟುಗಳು ಬಂದು ಇಳಿಯುತ್ತವೆ. ಅದರಲ್ಲಿ ಎರಡು ಬಗೆ. ಗಂಡಸರ ಕೊಡೆ ಕಪ್ಪು, ಉದ್ದ ಕೋಲಿನದು, ಬಿಡಿಸಿದರೆ ಇಬ್ಬರು ಹಿಡಿಯುವಷ್ಟು ಅಗಲ. ಲೇಡೀಸ್ ಕೊಡೆ ಹೂವಿನ ಚಿತ್ರದ್ದು, ಮೂರು ಮಡಿಕೆಯದು, ಕಡ್ಡಿ ಸಪೂರ. ವ್ಯಾನಿಟಿ ಬ್ಯಾಗಿನಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಆಟಿಯ ಗಾಳಿಮಳೆಗೆ ಒಂದೇ ಏಟಿಗೆ ಮಗುಚುತ್ತದೆ. ಕ್ರಯ ನೋಡಿದರೆ ಹೂವಿನದೇ ಒಂದು ಕೈ ಮೇಲೆ.

ಬೀಡಿ ಕಟ್ಟುವ ಒಬ್ಬರು ಒಂದು ಮಳೆಗಾಲ ಬಂದು, "ಗಂಡಸರ ಕೊಡೆ ಒಂದು ಕೊಡಿ ಅಕ್ಕ, ನಮ್ಮವರಿಗೆ" ಎಂದರು. ನಾನು ಕೇಳದೆಯೇ "ನಮ್ಮವರಿಗೆ" ಎಂದು ಸೇರಿಸಿದರು. ಮರುದಿನ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋಗುವಾಗ ಆ ಕೊಡೆ ಅವರ ಕೈಯಲ್ಲೇ ಇತ್ತು. ಬೀಡಿಗೆ ನೀರು ತಾಗಿದರೆ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ, ಬೆರಳು ಸವೆಸಿ ಮಾಡಿದ ದುಡಿಮೆ ದಂಡ. ಬೀಡಿಯ ಕಟ್ಟನ್ನೂ ಮೈಯನ್ನೂ ಸೇರಿಸಿ ಕಾಯುವ ಕೊಡೆ ಅವರಿಗೆ ಬೇಕಿತ್ತು. ಅಷ್ಟು ನ್ಯಾಯವಾದ ಅಗತ್ಯಕ್ಕೆ ಅವರು ಗಂಡನ ನೆಪ ಹೇಳಬೇಕಾಯಿತು.

ಇನ್ನೊಬ್ಬರು ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ನನಗಿಂತ ಹಿರಿಯರು. ಹಿಮ್ಮಡಿ ಒಡೆದು ನೆತ್ತರು ಬರುವಷ್ಟಾಗಿರುತ್ತದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರೆ ವೀಳ್ಯದೆಲೆ, ಬೆಲ್ಲ ಕಟ್ಟಿಸಿಕೊಂಡು ಹಾಗೆಯೇ ಹೋಗುತ್ತಾರೆ, ಮುಲಾಮು ಕೇಳುವುದಿಲ್ಲ. ಸಂಜೆ ಅವರ ಹೆಂಡತಿ ಬಂದು ಒಯ್ಯುತ್ತಾರೆ. ಪೊಟ್ಟಣದ ಮೇಲೆ ಕಾಲ್ಗೆಜ್ಜೆ ಹಾಕಿದ ಬೆಳ್ಳಗಿನ ಹೆಣ್ಣುಕಾಲಿನ ಚಿತ್ರ ಉಂಟು. ಒಳಗಿರುವುದು ಒಡೆದ ಚರ್ಮವನ್ನು ಮೆತ್ತಗೆ ಮಾಡುವ ಮದ್ದು. ಕೆಸರಿನಲ್ಲಿ ನಿಂತ ಕಾಲು ಯಾರದಾದರೂ ಒಡೆಯುತ್ತದೆ, ಯಾರು ಹಚ್ಚಿದರೂ ಅದು ವಾಸಿಯಾಗುತ್ತದೆ.

ಇವರಿಬ್ಬರೂ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದಾರೆ. ಬೇಕಾದ ವಸ್ತು ಎದುರಿಗೇ ಉಂಟು, ಕೈಯಲ್ಲಿ ದುಡ್ಡೂ ಉಂಟು. ನಡುವೆ ಅಡ್ಡ ನಿಂತದ್ದು ಪೊಟ್ಟಣ ಹೇಳುವ ಒಂದು ಮಾತು: ಇದು ನಿನಗಲ್ಲ. ಹಾಗೆ ಹೇಳುವ ಅಧಿಕಾರ ಪೊಟ್ಟಣಕ್ಕೆ ಎಲ್ಲಿಂದ ಬಂತು? ಇದನ್ನು ವ್ಯಾಪಾರದ ಸಂಗತಿ ಎಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ. ನಾನು ಯಾರು, ನನ್ನದು ಯಾವುದು ಎಂಬುದು ನಮ್ಮ ದರ್ಶನಗಳೆಲ್ಲ ಮೊದಲು ಎತ್ತುವ ಪ್ರಶ್ನೆ. ಅದೇ ಪ್ರಶ್ನೆಗೆ ಈಗ ಕೊಡೆಯೂ ಮುಲಾಮೂ ಉತ್ತರ ಹೇಳಲು ಹೊರಟಿವೆ.

ಮೊದಲು ಲೆಕ್ಕದ ವಿಷಯ ಹೇಳಿಬಿಡುತ್ತೇನೆ. ಒಂದೇ ಕಂಪೆನಿಯ ಎರಡು ರೇಜರುಗಳು ನನ್ನಲ್ಲಿ ಮಾರಾಟಕ್ಕೆ ಇರುತ್ತವೆ. ಬ್ಲೇಡಿನ ಸಂಖ್ಯೆ ಒಂದೇ, ಹಿಡಿಯ ಅಚ್ಚು ಒಂದೇ, ಒಂದು ನೀಲಿ, ಇನ್ನೊಂದು ಗುಲಾಬಿ. ಗುಲಾಬಿಗೆ ಕ್ರಯ ಹೆಚ್ಚು. ಲೈನಿಗೆ ಬರುವ ಹುಡುಗನ ಹತ್ತಿರ ಯಾಕೆ ಎಂದು ಕೇಳಿದರೆ, "ಅದು ಲೇಡೀಸ್‌ದು ಅಕ್ಕ" ಎನ್ನುತ್ತಾನೆ. ಅವನ ಮಟ್ಟಿಗೆ ಅದೇ ಉತ್ತರ. ಈಗ ಪೊಟ್ಟಣಗಳ ಮೇಲೆ ಒಂದು ಗ್ರಾಮಿಗೆ, ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂದು ಮುದ್ರಿಸಬೇಕೆಂಬ ನಿಯಮ ಬಂದಿದೆ. ಕನ್ನಡಕ ಹಾಕಿಕೊಂಡು ಆ ಸಣ್ಣ ಅಕ್ಷರ ಓದಿದರೆ, ಪೌಡರಿನಲ್ಲಿ, ಮುಖ ತೊಳೆಯುವ ದ್ರವದಲ್ಲಿ, ಸುಗಂಧದಲ್ಲಿ ಯಾವುದಕ್ಕೆ ನಾವು ಹೆಚ್ಚು ತೆರುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ಇದು ನಮ್ಮ ಊರಿನ ಸಂಗತಿ ಮಾತ್ರವೂ ಅಲ್ಲ. ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆಯವರು 2015ರಲ್ಲಿ ಸುಮಾರು 800 ವಸ್ತುಗಳನ್ನು ತೆಗೆದುಕೊಂಡು, ಗಂಡಸರದು ಹೆಂಗಸರದು ಎಂದು ಜೋಡಿ ಮಾಡಿ ಬೆಲೆ ತಾಳೆ ನೋಡಿದರು. ಹೆಂಗಸರದೆಂದು ಮಾರುವ ವಸ್ತುಗಳಿಗೆ ಸರಾಸರಿ ಶೇ. 7 ಹೆಚ್ಚು ಬೆಲೆ ಇತ್ತು. ಮೈ ತೊಳೆಯುವ, ಕೂದಲು ತೊಳೆಯುವಂಥ ವಸ್ತುಗಳಲ್ಲಿ ಅದು ಶೇ. 13ಕ್ಕೆ ಏರಿತ್ತು. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿ 1ರಿಂದ, ಒಂದೇ ತರದ ವಸ್ತುವಿಗೆ ಗಂಡು ಹೆಣ್ಣು ಎಂಬ ಕಾರಣಕ್ಕೆ ಬೇರೆ ಬೆಲೆ ಇಡಬಾರದೆಂದು ಕಾನೂನೇ ಆಯಿತು. ನಮ್ಮಲ್ಲಿ ಎಂಆರ್‌ಪಿ ಉಂಟು, ಅದನ್ನು ಮೀರಿ ನಾನು ಒಂದು ರೂಪಾಯಿ ತೆಗೆದುಕೊಳ್ಳುವಂತಿಲ್ಲ. ಆದರೆ ಆ ಎಂಆರ್‌ಪಿಯನ್ನು ಬರೆಯುವುದು ತಯಾರಿಸಿದವರೇ. ಗುಲಾಬಿಗೆ ಬೇರೆ, ನೀಲಿಗೆ ಬೇರೆ ಬರೆದರೆ ಅಂಗಡಿಯಲ್ಲಿ ಕೂತವಳು ಏನು ಮಾಡಲು ಸಾಧ್ಯ?

ಸರಕಾರದ ಲೆಕ್ಕವೂ ಒಂದು ವರ್ಷ ಹೀಗೆಯೇ ತಪ್ಪಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗಾಜಿನ ಬಳೆಗೆ, ಕುಂಕುಮಕ್ಕೆ, ಬಿಂದಿಗೆ ತೆರಿಗೆ ಇರಲಿಲ್ಲ. ಸ್ಯಾನಿಟರಿ ಪ್ಯಾಡಿಗೆ ಶೇ. 12 ಇತ್ತು. ದೇಹಕ್ಕೆ ಬೇಕೇ ಬೇಕಾದದ್ದಕ್ಕೆ ತೆರಿಗೆ, ಅಲಂಕಾರಕ್ಕೆ ವಿನಾಯಿತಿ. ದೇಶದಲ್ಲೆಲ್ಲ ಹೆಂಗಸರು ದನಿ ಎತ್ತಿದ ಮೇಲೆ 2018ರ ಜುಲೈಯಲ್ಲಿ ಅದನ್ನು ತೆಗೆದರು. ನನಗೆ ಅದರಿಂದ ಒಂದು ವಿಷಯ ಸ್ಪಷ್ಟವಾಯಿತು. ಹೆಣ್ಣಿಗೆ ಬೇರೆಯಾಗಿ ಬೇಕಾದ ವಸ್ತುಗಳು ನಿಜಕ್ಕೂ ಇವೆ. ಅವುಗಳ ಬಗ್ಗೆ ಮಾತಾಡುವಾಗ ನಮ್ಮ ದನಿ ತಗ್ಗುತ್ತದೆ, ಅವನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತೇವೆ. ಬೇರೆಯಾಗಿ ಬೇಕಿಲ್ಲದ ಪೆನ್ನು, ರೇಜರು, ಕೊಡೆಗಳ ಮೇಲೆ ಮಾತ್ರ ಹೆಣ್ಣು ಎಂದು ದೊಡ್ಡದಾಗಿ ಬರೆಯುತ್ತೇವೆ.

ನಮ್ಮ ಮನೆಗಳಲ್ಲಿ ಈ ಪದ್ಧತಿ ಹಳೆಯದಲ್ಲ. ನಾನು ಸಣ್ಣವಳಿದ್ದಾಗ ಬಚ್ಚಲಿನ ಗೂಡಿನಲ್ಲಿ ಒಂದೇ ಸೋಪು ಇರುತ್ತಿತ್ತು. ಹಬ್ಬಕ್ಕೆ ಮೈಸೂರ್ ಸ್ಯಾಂಡಲ್ ತಂದರೆ ಅಜ್ಜನಿಂದ ಹಿಡಿದು ಬಾಣಂತಿಯವರೆಗೆ ಅದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾಗಿ ನೂರು ವರ್ಷ ದಾಟಿದ ಆ ಸೋಪು ಗಂಡಿಗೊಂದು ಹೆಣ್ಣಿಗೊಂದು ಎಂದು ಮನೆಯನ್ನು ಪಾಲು ಮಾಡಲಿಲ್ಲ. ಮೈ ಒರೆಸಲು ಬೈರಾಸು, ಅದೂ ಎಲ್ಲರಿಗೆ ಒಂದೇ ತರದ್ದು. ದೇವಸ್ಥಾನದಲ್ಲಿ ಈಗಲೂ ಒಂದೇ ಕಲ್ಲಿನಲ್ಲಿ ತೇದ ಗಂಧ ಎಲ್ಲರ ಅಂಗೈಗೆ ಬೀಳುತ್ತದೆ. ಪ್ರಸಾದದ ಹೂವನ್ನು ಹೆಂಗಸರು ಮುಡಿಗೆ ಸಿಕ್ಕಿಸುತ್ತಾರೆ, ಗಂಡಸರು ಕಿವಿಗೆ ಇಡುತ್ತಾರೆ. ಹೂ ಒಂದೇ ಹೂ.

ಗುಲಾಬಿ ಹೆಣ್ಣಿನ ಬಣ್ಣ ಎಂಬುದು ಸೃಷ್ಟಿಯಲ್ಲೇ ಬರೆದ ಮಾತು ಎಂಬಂತೆ ಮಕ್ಕಳು ಈಗ ಹೇಳುತ್ತಾರೆ. 1918ರ ಅಮೆರಿಕದ ಒಂದು ವ್ಯಾಪಾರಿ ಪತ್ರಿಕೆ ಇದಕ್ಕೆ ತದ್ವಿರುದ್ಧವಾಗಿ, ಗುಲಾಬಿ ಗಟ್ಟಿ ಬಣ್ಣ, ಅದು ಗಂಡುಮಕ್ಕಳಿಗೆ, ನೀಲಿ ನಾಜೂಕಿನದು, ಅದು ಹೆಣ್ಣುಮಕ್ಕಳಿಗೆ ಎಂದು ಸಲಹೆ ಕೊಟ್ಟಿತ್ತು. ಮಾರುವವರ ಮಾತು ತಿರುಗಿದಂತೆ ಬಣ್ಣದ ಧರ್ಮವೂ ತಿರುಗಿತು. ನಮ್ಮ ದೇಶದಲ್ಲಿ ಬಿಳಿಯಾಗಿಸುವ ಕ್ರೀಮಿನ ಕಥೆಯೂ ಇಂಥದ್ದೇ. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು, ಹೆಣ್ಣಿಗೆ. 2005ರಲ್ಲಿ ಇನ್ನೊಂದು ಕಂಪೆನಿ ಫೇರ್ ಅಂಡ್ ಹ್ಯಾಂಡ್‌ಸಮ್ ತಂದಿತು, ಗಂಡಿಗೆ. 2020ರಲ್ಲಿ ಜನರ ಆಕ್ಷೇಪ ಜೋರಾಗಿ ಮೊದಲಿನದರ ಹೆಸರಿನಿಂದ ಬಿಳಿಯನ್ನು ತೆಗೆದು ಗ್ಲೋ ಅಂಡ್ ಲವ್ಲಿ ಎಂದು ಮಾಡಿದರು, ಜೊತೆಗೆ ಗಂಡಸರದಕ್ಕೆ ಗ್ಲೋ ಅಂಡ್ ಹ್ಯಾಂಡ್‌ಸಮ್ ಎಂದು ಹೆಸರಿಟ್ಟರು. ಬಿಳಿ ಹೋಯಿತು, ಪಾಲು ಉಳಿಯಿತು.

ಶಂಕರಾಚಾರ್ಯರು ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯುವಾಗ ಎಲ್ಲಕ್ಕಿಂತ ಮೊದಲು ಅಧ್ಯಾಸದ ವಿಚಾರ ಎತ್ತುತ್ತಾರೆ. ಒಂದರ ಗುಣವನ್ನು ಇನ್ನೊಂದರ ಮೇಲೆ ಹೊರಿಸಿ, ಹೊರಿಸಿದ್ದನ್ನೇ ನಿಜ ಎಂದು ನಂಬುವುದು ಅಧ್ಯಾಸ. ಮನುಷ್ಯ ಇದನ್ನು ಹೇಗೆ ಮಾಡುತ್ತಾನೆ ಎಂದು ತೋರಿಸಲು ಅವರು ಕೊಡುವ ಉದಾಹರಣೆಗಳಲ್ಲಿ, ದೇಹದ ದಪ್ಪ ತೆಳುವನ್ನು ತನ್ನದೆಂದು ತಿಳಿಯುವುದರ ಜೊತೆಗೆ, ದೇಹದ ಬಿಳುಪನ್ನು ತನ್ನ ಬಿಳುಪೆಂದು ತಿಳಿಯುವುದೂ ಸೇರಿದೆ. ದೇಹದ ಗುಣವನ್ನು ಆತ್ಮದ ಮೇಲೆ ಹೊರಿಸುವ ಈ ತಪ್ಪು ಮನುಷ್ಯನ ಸಹಜ ತಪ್ಪು, ಅದನ್ನು ಕಳೆಯಲಿಕ್ಕೇ ಶಾಸ್ತ್ರ ಎಂಬುದು ಅವರ ನಿಲುವು. ಈಗ ನಡೆಯುತ್ತಿರುವುದು ಇದರ ಮೇಲೆ ಇನ್ನೊಂದು ಹೊರೆ. ದೇಹದ ಗುಣವನ್ನು ಪ್ಲಾಸ್ಟಿಕ್ಕಿನ ಹಿಡಿಯ ಮೇಲೆ ಹೊರಿಸುತ್ತೇವೆ, ಆ ಹಿಡಿಯಿಂದ ಅದನ್ನು ಮತ್ತೆ ನಮ್ಮ ಮೇಲೆ ಹೊತ್ತುಕೊಳ್ಳುತ್ತೇವೆ. ಗುಲಾಬಿ ರೇಜರು ಹಿಡಿದರೆ ನನ್ನ ಗಂಡಸುತನ ಕಡಿಮೆಯಾದೀತು ಎಂದು ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಹೆದರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಸುಲಭವಾಗಿ ಕಳೆದುಹೋಗುವಂಥದ್ದು ಅವನ ಸ್ವರೂಪವಾಗಿರಲು ಸಾಧ್ಯವೇ?

ಉಡುಪಿಯ ಬದಿಯವರು ಇದಕ್ಕೆ ಒಂದು ಮಾತು ಎತ್ತಬಹುದು. ಮಧ್ವಾಚಾರ್ಯರ ಮತದಲ್ಲಿ ಭೇದ ಸುಳ್ಳಲ್ಲ, ಸತ್ಯ. ಜೀವ ಜೀವಕ್ಕೂ ವ್ಯತ್ಯಾಸ ಉಂಟು. ಒಪ್ಪುತ್ತೇನೆ. ಜೀವದ ಸ್ವರೂಪದಲ್ಲೇ ಹೆಣ್ತನ ಗಂಡುತನ ಉಂಟು ಎಂದು ಯಾರಾದರೂ ವಾದಿಸಿದರೂ ನನ್ನ ಮಾತಿಗೆ ಬಾಧಕವಿಲ್ಲ. ಅದೇ ಮತದ ಪಂಚಭೇದಗಳಲ್ಲಿ ಜೀವಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಸೋಪು ಜಡ, ಕೊಡೆ ಜಡ. ಜೀವದ ಗುಣವನ್ನು ಜಡಕ್ಕೆ ಅಂಟಿಸುವುದು ಭೇದವನ್ನು ನಂಬುವವರಿಗೂ ಒಪ್ಪಿಗೆಯಾಗುವ ಮಾತಲ್ಲ. ಅದ್ವೈತದ ದಾರಿಯಲ್ಲಿ ಬಂದರೂ ದ್ವೈತದ ದಾರಿಯಲ್ಲಿ ಬಂದರೂ ವಸ್ತುವಿನ ಮೇಲೆ ಅಂಟಿಸಿದ ಹೆಣ್ಣು ಗಂಡು ಎಂಬ ಚೀಟಿ ಉದುರಿಯೇ ಹೋಗುತ್ತದೆ.

ಜೇಡರ ದಾಸಿಮಯ್ಯನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಹೊರಗಿನ ಗುರುತುಗಳನ್ನು ನೋಡಿ ಜನ ಗಂಡೆನ್ನುತ್ತಾರೆ ಹೆಣ್ಣೆನ್ನುತ್ತಾರೆ, ಒಳಗೆ ಓಡಾಡುವ ಆತ್ಮ ಎರಡೂ ಅಲ್ಲ ಎಂದು ಹೇಳಿದ ಆತ ನೇಕಾರ. ಬಟ್ಟೆ ನೆಯ್ದು ಬದುಕಿದವನು. ಒಂದೇ ಮಗ್ಗದಲ್ಲಿ ಇಳಿದ ನೂಲು ಸೀರೆಯೂ ಆಗುತ್ತದೆ, ಪಂಚೆಯೂ ಆಗುತ್ತದೆ ಎಂಬುದನ್ನು ದಿನಾ ಕಂಡ ಕೈ ಅದು. ವಸ್ತುವನ್ನು ತಯಾರಿಸಿ ಮಾರುವ ಮನುಷ್ಯನಿಗೇ ಆ ಅರಿವು ಬಂತು ಎಂಬುದು ನನ್ನಂಥವಳಿಗೆ ದೊಡ್ಡ ಧೈರ್ಯ.

ಆದರೆ ನಮ್ಮ ಸಂಪ್ರದಾಯವೇ ವಸ್ತುಗಳಲ್ಲಿ ಹೆಣ್ಣು ಗಂಡು ಮಾಡಿಲ್ಲವೇ? ಮಾಡಿದೆ. ಇದನ್ನು ಬಚ್ಚಿಡಬಾರದು. ಹಿಂದೆ ನೇಜಿ ನೆಡುವ ಹೆಂಗಸರು ಬೆನ್ನ ಮೇಲೆ ಗೊರಬು ಹೊತ್ತುಕೊಳ್ಳುತ್ತಿದ್ದರು, ಗಂಡಸರು ತಲೆಗೆ ಹಾಳೆಯ ಮುಟ್ಟಾಳೆ ಇಡುತ್ತಿದ್ದರು. ಬಗ್ಗಿ ದುಡಿಯುವ ಬೆನ್ನಿಗೆ ಮಳೆ ತಾಗಬಾರದು, ಎರಡೂ ಕೈ ಖಾಲಿ ಇರಬೇಕು, ಅದಕ್ಕೆ ಗೊರಬು. ಆ ಆಕಾರವನ್ನು ಕೊಟ್ಟದ್ದು ಕೆಲಸ. ಲೇಡೀಸ್ ಸೈಕಲ್ಲೂ ಹಾಗೆಯೇ. ಮುಂದಿನ ಅಡ್ಡ ಕಂಬಿ ತೆಗೆದದ್ದು ಕಾಲು ಎತ್ತಿ ಹಾಕಲಾಗದ ಉಡುಪಿಗಾಗಿ. ಮುಂಡು ಉಟ್ಟ ನಮ್ಮೂರಿನ ಗಂಡಸರಿಗೂ ಅದು ಅನುಕೂಲವೇ. ಮಕರ ತಿಂಗಳ ಕೊನೆಗೆ ಕೆಡ್ಡಸ ಬಂದಾಗ ಭೂಮಿ ಮುಟ್ಟಾಗಿದ್ದಾಳೆಂದು ಮೂರು ದಿನ ಅಗೆಯುವುದಿಲ್ಲ, ಉಳುವುದಿಲ್ಲ. ತುಳಸಿಕಟ್ಟೆಯ ಎದುರು ಎಣ್ಣೆ, ಸೀಗೆ, ಅರಸಿನ ಕುಂಕುಮ ಇಟ್ಟು ಅವಳಿಗೆ ಮೀಯಲು ಕೊಡುತ್ತೇವೆ. ಇಲ್ಲಿ ಹೆಣ್ಣು ಎಂದು ಗುರುತಿಸಿದ್ದು ವಿಶ್ರಾಂತಿ ಕೊಡಲಿಕ್ಕೆ. ಇದೇ ನೆಲದಲ್ಲಿ ಜುಮಾದಿಯನ್ನು ನಂಬುತ್ತೇವೆ. ಆ ದೈವಕ್ಕೆ ಮೀಸೆಯೂ ಉಂಟು, ಹೆಣ್ಣಿನ ಎದೆಕಟ್ಟೂ ಉಂಟು. ಎರಡನ್ನೂ ಒಂದೇ ಮೈಯಲ್ಲಿ ಕಂಡು ಕೈಮುಗಿಯುವ ಜನ ನಾವು.

ಸಂಪ್ರದಾಯ ಕ್ರೂರವಾದದ್ದೂ ಉಂಟು. ಗಂಡ ಸತ್ತವಳ ಹಣೆಯ ಕುಂಕುಮ, ಕೈಯ ಬಳೆ, ಮುಡಿಯ ಹೂ ತೆಗೆಸಿದ್ದು ಇದೇ ಸಂಪ್ರದಾಯ. ಅದಕ್ಕೆ ಉತ್ತರವೂ ನಮ್ಮ ಜಿಲ್ಲೆಯಲ್ಲೇ ಬಂತು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಮಂಗಳಾರತಿಯ ತಟ್ಟೆ ಹಿಡಿಯಲು ಇಂಥ ಕೈಯೇ ಆಗಬೇಕು ಎಂಬ ಶತಮಾನಗಳ ಚೀಟಿಯನ್ನು ಅಲ್ಲಿ ಕಿತ್ತು ಹಾಕಿದರು. ದೇವರ ಮನೆಯಲ್ಲೇ ಅದು ಆಗುತ್ತದಾದರೆ ಅಂಗಡಿಯ ಕಪಾಟಿನಲ್ಲಿ ಆಗದೆ ಇರಲು ಕಾರಣವೇ ಇಲ್ಲ.

ಹೀಗಾಗಿ ನನ್ನ ಅಳತೆ ಇಷ್ಟು. ದೇಹ ಕೇಳುವ ವ್ಯತ್ಯಾಸವನ್ನು ಕೊಡಬೇಕು, ನಾಚದೆ ಕೊಡಬೇಕು. ಕೆಲಸ ಕೇಳುವ ವ್ಯತ್ಯಾಸವನ್ನು ಕೆಲಸದ ಹೆಸರಿನಲ್ಲಿ ಕೊಡಬೇಕು. ಇವೆರಡೂ ಕೇಳದೆ ಲಾಭ ಮಾತ್ರ ಕೇಳುವ ವ್ಯತ್ಯಾಸವನ್ನು ಒಪ್ಪಬಾರದು. ಗುಲಾಬಿ ಬಣ್ಣದ ಮೇಲೆ ನನಗೆ ಹಗೆಯಿಲ್ಲ. ಬೇಕೆಂದವರು ಸಂತೋಷದಿಂದ ಒಯ್ಯಲಿ, ಹೆಣ್ಣಾಗಲಿ ಗಂಡಾಗಲಿ. ಬಣ್ಣ ಒಬ್ಬರನ್ನು ಕರೆದರೆ ತೊಂದರೆಯಿಲ್ಲ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿದರೆ ತೊಂದರೆ.

ಹೊರಗೆ ನಿಲ್ಲಿಸುವುದನ್ನು ಮಕ್ಕಳು ಎಲ್ಲರಿಗಿಂತ ಬೇಗ ಕಲಿಯುತ್ತಾರೆ. ಮೀನ ಸಂಕ್ರಮಣಕ್ಕೆ ಕೊಡಿ ಏರಿ ತಿಂಗಳ ಕಾಲ ನಡೆಯುವ ನಮ್ಮ ಪೊಳಲಿ ಜಾತ್ರೆಗೆ ಹೆಸರು ಬಂದದ್ದೇ ಚೆಂಡಿನಿಂದ. ಊರವರು ಗದ್ದೆಯಲ್ಲಿ ತೊಗಲಿನ ಚೆಂಡು ಆಡುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹೋಗುವಾಗ ಕಲ್ಲಂಗಡಿ ಹೊತ್ತುಕೊಂಡು ಹೋಗುತ್ತಾರೆ. ಸಂತೆಯಲ್ಲಿ ಒಂದು ಹುಡುಗಿ ಚೆಂಡು ತೋರಿಸಿ ಬೇಕು ಎಂದಳು. ಆಟಿಕೆ ಮಾರುವವರು, "ನಿನಗೆ ಇದು ಉಂಟು ಮಗಾ" ಎಂದು ಗುಲಾಬಿ ಬಣ್ಣದ ಅಡುಗೆ ಸೆಟ್ಟು ಚಾಚಿದರು. ಪ್ರೀತಿಯಿಂದಲೇ ಚಾಚಿದರು. ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ, "ಅವಳು ಕೇಳಿದ್ದು ಚೆಂಡು ಅಲ್ವಾ, ಅದನ್ನೇ ಕೊಡಿ" ಎಂದು ದುಡ್ಡು ಕೊಟ್ಟರು. ಎಲ್ಲ ಅಮ್ಮಂದಿರೂ ಅಷ್ಟು ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಇನ್ನರ್ಧ ನಾವು ವ್ಯಾಪಾರಿಗಳು ಮಾಡಬೇಕಾದದ್ದು. ಅದನ್ನು ನನಗೆ ಹೇಳಿಕೊಟ್ಟದ್ದು ಪೊಳಲಿಯ ಅಮ್ಮನ ಕಥೆ. ಇಲ್ಲಿನ ರಾಜರಾಜೇಶ್ವರಿ ಮಣ್ಣಿನ ಮೂರ್ತಿ. ಸುರಥನೆಂಬ ರಾಜ ಅದನ್ನು ಪ್ರತಿಷ್ಠೆ ಮಾಡಿದ ಎಂದು ಸ್ಥಳಪುರಾಣ ಹೇಳುತ್ತದೆ. ದೇವೀಮಾಹಾತ್ಮ್ಯೆಯಲ್ಲಿ ಸುರಥನ ಜೊತೆಗೆ ಇನ್ನೊಬ್ಬನಿದ್ದಾನೆ, ಅವನನ್ನು ಎಲ್ಲರೂ ಮರೆಯುತ್ತಾರೆ. ಸಮಾಧಿ ಎಂಬ ವೈಶ್ಯ. ರಾಜ್ಯ ಕಳೆದುಕೊಂಡು ರಾಜ ಕಾಡಿಗೆ ಬಂದಿದ್ದ, ದುಡ್ಡಿನ ಆಸೆಗೆ ಹೆಂಡತಿ ಮಕ್ಕಳೇ ಹೊರಗೆ ಹಾಕಿದ್ದರಿಂದ ವ್ಯಾಪಾರಿ ಬಂದಿದ್ದ. ಇಬ್ಬರೂ ಹೊಳೆಯ ದಂಡೆಯಲ್ಲಿ ದೇವಿಯ ಮಣ್ಣಿನ ಮೂರ್ತಿ ಮಾಡಿ ಮೂರು ವರ್ಷ ಪೂಜಿಸಿದರು. ದೇವಿ ಪ್ರತ್ಯಕ್ಷಳಾದಾಗ ರಾಜ ತನ್ನ ರಾಜ್ಯ ಕೇಳಿದ. ವ್ಯಾಪಾರಿ ಕಳೆದುಕೊಂಡ ಸಂಪತ್ತನ್ನು ಕೇಳಲಿಲ್ಲ. ನಾನು, ನನ್ನದು ಎಂಬ ಅಂಟನ್ನು ಬಿಡಿಸುವ ಜ್ಞಾನ ಕೇಳಿದ. ದೇವಿ ಕೊಟ್ಟಳು.

ಅಂಗಡಿಯ ಗಲ್ಲಾದಲ್ಲಿ ಕೂತು ಈ ಕಥೆಯನ್ನು ಯೋಚಿಸಿದಷ್ಟೂ ಅದು ನನಗೆ ಹತ್ತಿರವಾಗುತ್ತದೆ. ನಾನು, ನನ್ನದು ಎಂಬ ಆ ಎರಡು ಮಾತುಗಳ ಮೇಲೆಯೇ ಇಡೀ ವ್ಯಾಪಾರ ನಿಂತಿದೆ ಎಂಬುದು ಸಮಾಧಿಗೆ ತಿಳಿದಿತ್ತು, ಅದಕ್ಕೇ ಅವನು ಅವುಗಳಿಂದಲೇ ಬಿಡುಗಡೆ ಕೇಳಿದ. ನಾನು ಅಂಗಡಿ ಬಿಟ್ಟು ಹೋಗುವವಳಲ್ಲ, ಮನೆ ನಡೆಯಬೇಕು. ಆದರೆ ಜನರ ಅಹಂಕಾರಕ್ಕೆ ಇನ್ನೂ ಒಂದು ಸುತ್ತು ನೂಲು ಸುತ್ತದೆ ಇರುವುದು ನನ್ನ ಕೈಯಲ್ಲಿ ಉಂಟು. ಕೊಡೆ ಮಾರಿದರೆ ಕೊಡೆಯ ಕ್ರಯ ನನಗೆ ಸಲ್ಲಬೇಕು. ಅದನ್ನು ಹಿಡಿಯುವವರು ಯಾರೆಂದು ಅವರಿಗೇ ಹೇಳಿ, ಆ ಹೇಳಿಕೆಗೂ ದುಡ್ಡು ತೆಗೆದುಕೊಳ್ಳುವ ಹಕ್ಕು ತಯಾರಿಸಿದವರಿಗೂ ಇಲ್ಲ, ನನಗೂ ಇಲ್ಲ.

ಹಾಗಾಗಿ ನನ್ನ ಕಪಾಟನ್ನು ಉಪಯೋಗ ನೋಡಿ ಜೋಡಿಸುತ್ತೇನೆ. ರೇಜರುಗಳೆಲ್ಲ ಒಂದು ಕಡೆ, ಒಡೆದ ಕಾಲಿನ ಮುಲಾಮು ಕೈಕಾಲು ನೋವಿನ ಎಣ್ಣೆಯ ಪಕ್ಕ, ಕೊಡೆಗಳು ದೊಡ್ಡದು ಸಣ್ಣದು ಎಂದು. ಒಂದು ಗ್ರಾಮಿಗೆ ಎಷ್ಟು ಎಂಬುದನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಸಿಕ್ಕಿಸುತ್ತೇನೆ. ಗುಲಾಬಿ ರೇಜರು ಕೇಳಿದವರಿಗೆ ನೀಲಿಯ ಕ್ರಯವನ್ನೂ ಹೇಳುತ್ತೇನೆ, ಆಮೇಲೆ ಅವರ ಇಷ್ಟ. ಲೈನಿನ ಹುಡುಗ ಮುಖ ಸಪ್ಪೆ ಮಾಡಿದರೂ ಪರವಾಗಿಲ್ಲ. ಮಾರುವವರೆಲ್ಲ ಇಷ್ಟು ಮಾಡಲಿ, ಕೊಳ್ಳುವವರು ಪೊಟ್ಟಣದ ಹಿಂಬದಿಯನ್ನು ಓದಲಿ, ಕಾನೂನು ಮಾಡುವವರು ಒಂದೇ ವಸ್ತುವಿಗೆ ಎರಡು ಬೆಲೆ ಬರೆಯುವುದನ್ನು ನಿಲ್ಲಿಸಲಿ. ಸಮಾಧಿ ಕೇಳಿದ ಪೂರ್ತಿ ಜ್ಞಾನ ನಮಗೆ ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ. ಅವನು ಕಳಚಿ ಹಾಕಿದ್ದನ್ನು ನಾವು ಎಂಆರ್‌ಪಿ ಹಾಕಿ ಮತ್ತೆ ಮಾರದೆ ಇದ್ದರೆ, ಅದು ಅಂಗಡಿಯಲ್ಲಿ ಕೂತೇ ಮಾಡಬಹುದಾದ ಪೂಜೆ.